ಹದಿನೈದು ಮತ್ತರು

ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಮಸ್ಕಿ ನಡುವೆ ಸಿಗುತ್ತದೆ. ಆದುದರಿಂದ ಸಿಂಧನೂರಿನ ನಿವೃತ್ತ ಇತಿಹಾಸ ಅಧ್ಯಾಪಕರೊಬ್ಬರೂ, ಲಿಂಗಸುಗೂರಿನಲ್ಲಿದ್ದುಕೊಂಡು ಸ್ನಾತಕೋತ್ತರ ಪದವಿಯ ಸಂಪ್ರಬಂಧ ಬರೆಯುತ್ತಿದ್ದ ಅವರ ಶಿಷ್ಯೆಯೂ ಭೇಟಿಯಾಗಬೇಕಾದಾಗಲೆಲ್ಲ ಮಸ್ಕಿಯನ್ನೇ ಗೊತ್ತುಮಾಡಿಕೊಳ್ಳುತ್ತಿದ್ದರು. ಅಶೋಕನ ಶಾಸನವಿರುವ ಗುಡ್ಡದ ಬುಡದ ನೆರಳಿನಲ್ಲಿ ಕುಳಿತು ಅವಳು ಬರೆದು ತಂದ ಹಾಳೆಗಳನ್ನು ಅವರು ಓದುತ್ತಿದ್ದರು. ಅಲ್ಲಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದರು.

ಅಂದು ಅವಳು ತಂದದ್ದು ಎರಡನೆಯ ಅಧ್ಯಾಯ. ಆ ಸೀಮೆಯ ಮಧ್ಯಕಾಲೀನ ಶಾಸನಗಳಲ್ಲಿ ಉಕ್ತವಾದ ಭೂದಾನಗಳ ಒಂದು ಪಟ್ಟಿ ಅದರಲ್ಲಿತ್ತು. ಯಾವ ಕಲ್ಲು, ಯಾವ ಊರು, ದಾನ ಎಷ್ಟು ಮತ್ತರು ಎಂಬ ಮೂರು ಅಂಕಣಗಳು, ಕೊನೆಗೆ ಒಟ್ಟು ಮೊತ್ತ. ಪಟ್ಟಿಯ ನಡುವಿನ ಒಂದು ಸಾಲಿನ ಮೇಲೆ ಅಧ್ಯಾಪಕರ ಪೆನ್ಸಿಲ್ಲು ನಿಂತಿತು. ಅಲ್ಲಿ ಹದಿನೈದು ಮತ್ತರು ಎಂದು ಬರೆದಿತ್ತು.

“ಇದು ಹದಿನೈದು ಅಂತ ಯಾರು ಹೇಳಿದ್ರವ್ವಾ?”

“ನೀವೇ ಬರದೀರಲ್ರೀ ಸರ್. ಫೋನಿನಾಗ ಓದಿ ಬರ್ಕೊಂಡೀನಿ.”

ಆಕೆ ಫೋನನ್ನು ಮುಂದೆ ಹಿಡಿದಳು. ಅದು ಅವರದೇ ಬರಹ. ಅಕ್ಷರಕ್ಕೆ ಅಕ್ಷರ ಅವರು ಬರೆದಂತೆಯೇ ಇತ್ತು. ಆದರೂ ಅವರು ಬರೆದದ್ದು ಅದಾಗಿರಲಿಲ್ಲ.

ಆ ಕಲ್ಲು ಒಂದು ಹೊಲದ ಬದುವಿನಲ್ಲಿ ಅಡ್ಡ ಬಿದ್ದಿರುವ ತುಂಡು. ದಾನದ ಪ್ರಮಾಣ ಹೇಳುವ ಸಾಲಿನಲ್ಲಿ ಮೊದಲ ಅಕ್ಷರ ‘ಹ’ ಸ್ಪಷ್ಟವಾಗಿದೆ. ಕೊನೆಯ ‘ದು’ ಸ್ಪಷ್ಟವಾಗಿದೆ. ನಡುವೆ ಕಲ್ಲಿನ ಚಕ್ಕೆ ಎದ್ದುಹೋಗಿದೆ. ಅಳಿದ ಸ್ಥಳ ಸುಮಾರು ಎರಡು ಅಕ್ಷರಗಳಷ್ಟು. ಹನ್ನೊಂದು ಎಂದಿದ್ದರೆ ನಡುವೆ ಒಂದು ಒತ್ತಕ್ಷರ ಮತ್ತು ಅದರ ಸೊನ್ನೆ ಇರಬೇಕು. ಹದಿನೈದು ಎಂದಿದ್ದರೆ ಎರಡು ಅಕ್ಷರಗಳಿರಬೇಕು. ಸೊನ್ನೆಗೂ ಸ್ಥಳ ಬೇಕಾದುದರಿಂದ ಕೇವಲ ಅಳತೆಯಿಂದ ತೀರ್ಮಾನವಾಗದು. ಒತ್ತಕ್ಷರವಿದ್ದಿದ್ದರೆ ಸಾಲಿನ ಕೆಳಗೆ ಅದರ ಕುರುಹು ಉಳಿಯಬಹುದಿತ್ತು, ಅದು ಕಾಣುವುದಿಲ್ಲ ಎಂಬುದೊಂದೇ ಹದಿನೈದರ ಪರವಾದ ವಾದ. ಅಲ್ಲಿಯೂ ಕಲ್ಲು ಸವೆದಿರುವುದರಿಂದ ಆ ವಾದಕ್ಕೆ ಬಲ ಕಡಿಮೆ. ಅಧ್ಯಾಪಕರು ಎರಡು ಬೇಸಗೆ ಆ ಕಲ್ಲಿನ ಮುಂದೆ ಕುಳಿತು, ಕೊನೆಗೆ ಹದಿನೈದು ಇರಬಹುದು ಎಂದು ಊಹಿಸಿ, ಪಾಠವನ್ನು ತಮ್ಮ ಜಾಲತಾಣದಲ್ಲಿ ಪ್ರಕಟಿಸುವಾಗ ನಡುವಿನ ಎರಡು ಅಕ್ಷರಗಳನ್ನು ಓರೆಯಾಗಿಯೂ ನಸುಬೂದು ಬಣ್ಣದಲ್ಲಿಯೂ ಇಟ್ಟಿದ್ದರು. ಓರೆ ಅಕ್ಷರಗಳು ಸಂಪಾದಕರ ಊಹೆ ಎಂಬ ಸೂಚನೆ ಅದೇ ತಾಣದ ಬದಿಯ ಅಂಕಣದಲ್ಲಿ ಶಾಶ್ವತವಾಗಿತ್ತು.

ಶಿಷ್ಯೆಯ ಫೋನಿನಲ್ಲಿ ಅಕ್ಷರಗಳು ಓರೆಯಾಗಿರಲಿಲ್ಲ, ಬೂದಾಗಿರಲಿಲ್ಲ. ಬದಿಯ ಅಂಕಣವೂ ಇರಲಿಲ್ಲ. ನಾಲ್ಕು ಅಕ್ಷರಗಳೂ ಒಂದೇ ಕಪ್ಪಿನಲ್ಲಿ, ಒಂದೇ ನೇರದಲ್ಲಿ ನಿಂತಿದ್ದವು. ಕಲ್ಲಿನಲ್ಲಿರುವ ಎರಡಕ್ಕೂ ಮನುಷ್ಯನ ತಲೆಯಲ್ಲಿದ್ದ ಎರಡಕ್ಕೂ ಅಲ್ಲಿ ಭೇದವಿರಲಿಲ್ಲ. ಆಕೆ ತಾಣವನ್ನು ತೆರೆದು ಓದಿದವಳಲ್ಲ. ಹತ್ತಾರು ತಾಣಗಳ ಹೊಸ ಬರಹಗಳನ್ನು ಫೀಡ್ ಮೂಲಕ ತರಿಸಿ ಒಂದೆಡೆ ತೋರಿಸುವ ತಂತ್ರಾಂಶದಲ್ಲಿ ಓದಿದ್ದಳು. ತಪ್ಪು ಅವಳದಲ್ಲ. ಕಂಡದ್ದನ್ನು ಕಂಡಂತೆ ಬರೆದುಕೊಂಡಿದ್ದಳು.

ಅಂದು ಸಂಜೆ ಸಿಂಧನೂರಿಗೆ ಮರಳಿದ ಅಧ್ಯಾಪಕರು ಬೆಂಗಳೂರಿನಲ್ಲಿ ತಂತ್ರಾಂಶದ ಕೆಲಸ ಮಾಡುವ ಹಳೆಯ ಶಿಷ್ಯನಿಗೆ ಫೋನು ಮಾಡಿದರು. ಅವನು ಹೇಳಿಕೊಟ್ಟಂತೆ ತಮ್ಮ ತಾಣದ ಫೀಡ್‌ನ ಮೂಲಪಠ್ಯವನ್ನು ತೆರೆದಾಗ ಕಂಡದ್ದು ಕೋನಾಕಾರದ ಆವರಣಗಳ ಒಂದು ಕಾಡು. ಆ ಕಾಡಿನ ದಾರಿ ತಿಳಿಯಲು ಅವರಿಗೆ ಒಂದು ವಾರ ಹಿಡಿಯಿತು. ತಿಳಿದುಕೊಂಡದ್ದು ಹೀಗಿದೆ.

ಜಾಲಪುಟವನ್ನು ಬರೆಯುವುದು ಎಚ್‌ಟಿಎಂಎಲ್ ಎಂಬ ಗುರುತುಭಾಷೆಯಲ್ಲಿ. ಇಲ್ಲಿ ಓರೆ, ಇಲ್ಲಿ ದಪ್ಪ, ಇಲ್ಲಿ ಹೊಸ ಸಾಲು ಎಂಬ ಆಜ್ಞೆಗಳನ್ನು ಕೋನಾವರಣಗಳ ಒಳಗಿಟ್ಟು ಬರಹದ ನಡುನಡುವೆ ಸೇರಿಸಲಾಗುತ್ತದೆ. ಫೀಡ್ ಎಂಬುದು ಎಕ್ಸ್‌ಎಂಎಲ್ ಎಂಬ ಮತ್ತೊಂದು ಗುರುತುಭಾಷೆಯ ಕಡತ. ಶೀರ್ಷಿಕೆ ಯಾವುದು, ಕೊಂಡಿ ಯಾವುದು, ದಿನಾಂಕ ಯಾವುದು, ಬರಹ ಯಾವುದು ಎಂಬುದನ್ನು ಅದೂ ಕೋನಾವರಣಗಳಿಂದಲೇ ಹೇಳುತ್ತದೆ. ಎಂದರೆ ಒಳಗಿನ ಬರಹಕ್ಕೂ ಹೊರಗಿನ ಲಕೋಟೆಗೂ ಒಂದೇ ಬಗೆಯ ಹೊಲಿಗೆ. ಒಳಗಿನ ಆಜ್ಞೆಯನ್ನು ಯಂತ್ರವು ಲಕೋಟೆಯ ಆಜ್ಞೆಯೆಂದು ಭ್ರಮಿಸಿದರೆ ಇಡೀ ಕಡತವೇ ಕೆಡುತ್ತದೆ.

ಇದಕ್ಕೆ ಮೂರು ಉಪಾಯಗಳಿವೆ. ಮೊದಲನೆಯದು, ಒಳಗಿನ ಪ್ರತಿಯೊಂದು ಕೋನಾವರಣವನ್ನೂ ಸಂಕೇತಾಕ್ಷರಗಳಾಗಿ ಮಾರ್ಪಡಿಸುವುದು: ತೆರೆಯುವ ಆವರಣದ ಬದಲು ಆಂಪರ್ಸೆಂಡ್, ಅದರ ಬಳಿಕ ಎಲ್, ಟಿ ಎಂಬೆರಡು ಅಕ್ಷರಗಳು, ಕೊನೆಗೆ ಒಂದು ಅರ್ಧವಿರಾಮ. ತಲುಪಿದಲ್ಲಿ ಓದುಗ ತಂತ್ರಾಂಶ ಅದನ್ನು ಮತ್ತೆ ಆವರಣವಾಗಿಸಬೇಕು. ಎರಡನೆಯದು, ಬರಹವನ್ನು ಸಿಡೇಟಾ ಎಂಬ ಹೊದಿಕೆಯೊಳಗಿಟ್ಟು, ಇದರೊಳಗಿನದನ್ನು ಲಕೋಟೆಯ ಭಾಗವೆಂದು ಓದಬೇಡ ಎಂದು ಯಂತ್ರಕ್ಕೆ ತಿಳಿಸುವುದು. ಮೂರನೆಯದು, ಎಕ್ಸ್‌ಎಂಎಲ್ ನಿಯಮಗಳಿಗೆ ಒಳಪಟ್ಟ ಎಕ್ಸ್‌ಎಚ್‌ಟಿಎಂಎಲ್ ರೂಪದಲ್ಲಿ ಬರಹವನ್ನು ನೇರವಾಗಿಯೇ ಕೂರಿಸುವುದು.

ಉಪಾಯಗಳಿದ್ದರೂ ಒಪ್ಪಂದ ತಡವಾಗಿ ಬಂತು. 1999ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯಲ್ಲಿ ಹುಟ್ಟಿದ ಆರ್‌ಎಸ್‌ಎಸ್ ಮೊದಲಿಗೆ ಸುದ್ದಿಯ ಶೀರ್ಷಿಕೆಗಳನ್ನು ಸಾಗಿಸಲು ರೂಪಿಸಿದ ಸಣ್ಣ ಗಾಡಿ. ಜನರು ಅದರಲ್ಲಿ ಇಡೀ ಲೇಖನಗಳನ್ನು ಹೇರತೊಡಗಿದರು. 2002ರ ಆರ್‌ಎಸ್‌ಎಸ್ 2.0 ತನ್ನ ವಿವರಣೆಯ ಭಾಗದಲ್ಲಿ ಸಂಕೇತೀಕರಿಸಿದ ಎಚ್‌ಟಿಎಂಎಲ್ ಇರಬಹುದೆಂದು ಒಪ್ಪಿತು. ಆದರೆ ಅಲ್ಲಿರುವುದು ಬರಿಯ ಪಠ್ಯವೋ ಎಚ್‌ಟಿಎಂಎಲ್ಲೋ ಎಂದು ಗುರುತಿಸುವ ಚೀಟಿಯನ್ನು ಕೊಡಲಿಲ್ಲ. ತಲುಪಿದವನು ಊಹಿಸಬೇಕಾಯಿತು. ಪೂರ್ಣಬರಹಕ್ಕೆ ಬೇರೆಯೇ ಒಂದು ಕೋಣೆಯನ್ನು ಆಮೇಲೆ ಸೇರಿಸಿಕೊಂಡರು. ಅನೇಕ ತಾಣಗಳು ಇಂದಿಗೂ ವಿವರಣೆಯಲ್ಲಿ ಎಲ್ಲ ಗುರುತುಗಳನ್ನೂ ಕಳಚಿದ ಸಾರಾಂಶವನ್ನೂ, ಆ ಇನ್ನೊಂದು ಕೋಣೆಯಲ್ಲಿ ಗುರುತುಸಹಿತವಾದ ಪೂರ್ಣಬರಹವನ್ನೂ ಕಳುಹಿಸುತ್ತವೆ. 2005ರ ಡಿಸೆಂಬರ್‌ನಲ್ಲಿ ಆರ್‌ಎಫ್‌ಸಿ 4287 ಎಂಬ ಸಂಖ್ಯೆಯಿಂದ ಪ್ರಕಟವಾದ ಆ್ಯಟಮ್ ಮಾನಕವು ಮಾತ್ರ ಪ್ರತಿಯೊಂದು ಬರಹಕ್ಕೂ ಅದು ಪಠ್ಯವೋ, ಎಚ್‌ಟಿಎಂಎಲ್ಲೋ, ಎಕ್ಸ್‌ಎಚ್‌ಟಿಎಂಎಲ್ಲೋ ಎಂಬ ಚೀಟಿಯನ್ನು ಅಂಟಿಸಲು ಅವಕಾಶ ಮಾಡಿಕೊಟ್ಟಿತು. ಅದು ಬರುವಷ್ಟರಲ್ಲಿ ಹಳೆಯ ಗಾಡಿಗಳು ಎಲ್ಲ ದಾರಿಗಳಲ್ಲಿಯೂ ಓಡಾಡುತ್ತಿದ್ದವು.

ಅಧ್ಯಾಪಕರ ಓರೆ ಅಕ್ಷರಗಳು ಬಿದ್ದುಹೋದದ್ದು ಇವುಗಳಲ್ಲಿ ಯಾವ ಗುಂಡಿಯಲ್ಲಿಯೂ ಅಲ್ಲ. ಅವರ ಫೀಡ್ ನಿಯಮಬದ್ಧವಾಗಿಯೇ ಇತ್ತು. ಅವರ ತಾಣದಲ್ಲಿ ಅಕ್ಷರವನ್ನು ಓರೆಯಾಗಿಸುತ್ತಿದ್ದುದು ಅಕ್ಷರದ ಪಕ್ಕದ ಆಜ್ಞೆಯಲ್ಲ, ತಾಣದ ಶೈಲಿಕಡತ. ಬರಹದಲ್ಲಿ ಇದು ಊಹಾಪಾಠ ಎಂಬ ವರ್ಗನಾಮ ಮಾತ್ರವಿತ್ತು. ಆ ವರ್ಗದವು ಓರೆಯಾಗಿ, ಬೂದಾಗಿ ಕಾಣಬೇಕೆಂಬ ವಿಧಿ ಶೈಲಿಕಡತದಲ್ಲಿತ್ತು. ಫೀಡ್ ಬರಹವನ್ನು ಒಯ್ಯುತ್ತದೆ, ಶೈಲಿಕಡತವನ್ನು ಒಯ್ಯುವುದಿಲ್ಲ. ಜೊತೆಗೆ, ಅಪರಿಚಿತ ತಾಣದಿಂದ ಬಂದ ಎಚ್‌ಟಿಎಂಎಲ್ ಜೊತೆ ಅಪಾಯಕಾರಿ ಆಜ್ಞೆಗಳೂ ನುಸುಳಬಹುದಾದುದರಿಂದ ಓದುಗ ತಂತ್ರಾಂಶಗಳು ಬಂದದ್ದನ್ನು ಜಾಲಿಸಿ ತೊಳೆದೇ ತೋರಿಸುತ್ತವೆ. ಆ ತೊಳೆಯುವಿಕೆಯಲ್ಲಿ ವರ್ಗನಾಮವೂ ಹೋಯಿತು.

“ಅದು ರಕ್ಷಣೆಗೇ ಮಾಡಿದ್ದು ಸರ್,” ಎಂದ ಶಿಷ್ಯ. “ಅವರಿಗೆ ನಿಮ್ಮ ಓರೆ ಅಕ್ಷರಕ್ಕ ಅರ್ಥ ಐತಿ ಅಂತ ಹೆಂಗ ಗೊತ್ತಾಗಬೇಕ್ರೀ?”

ಆ ಪ್ರಶ್ನೆ ಅಧ್ಯಾಪಕರನ್ನು ಬಹಳ ದಿನ ಕಾಡಿತು. ಅವರು ಕೋಪಿಸಿಕೊಳ್ಳಲು ಸಿದ್ಧರಾಗಿದ್ದರು. ಕೋಪಕ್ಕೆ ಗುರಿ ಸಿಗಲಿಲ್ಲ.

ಅವರಿಗೆ ಈ ಅನುಭವ ಹೊಸದೇನೂ ಆಗಿರಲಿಲ್ಲ. ಯುನಿಕೋಡ್ ಬಳಕೆಗೆ ಬರುವ ಮುನ್ನ ಅವರೂ ಎಲ್ಲರಂತೆ ಹಳೆಯ ಕನ್ನಡ ಫಾಂಟುಗಳಲ್ಲಿ ಬೆರಳಚ್ಚು ಮಾಡಿದವರು. ಆ ಪದ್ಧತಿಯಲ್ಲಿ ಗಣಕದೊಳಗೆ ಇದ್ದದ್ದು ರೋಮನ್ ಅಕ್ಷರಗಳ ಮತ್ತು ಚಿಹ್ನೆಗಳ ಸಂಖ್ಯೆಗಳು; ಅವುಗಳ ಮೇಲೆ ಕನ್ನಡ ಫಾಂಟನ್ನು ಹೊದಿಸಿದಾಗ ಮಾತ್ರ ಅವು ಕನ್ನಡವಾಗಿ ಕಾಣುತ್ತಿದ್ದವು. ಅಲ್ಲಿ ಫಾಂಟಿನ ಹೆಸರು ಅಲಂಕಾರವಾಗಿರಲಿಲ್ಲ, ಅದೇ ಲಿಪಿಯಾಗಿತ್ತು. ಅಂಥ ಬರಹ ಫೀಡ್‌ಗೋ ಮಿಂಚಂಚೆಗೋ ಹೋಗಿ ಫಾಂಟಿನ ಆಜ್ಞೆ ಕಳಚಿಬಿದ್ದರೆ ಉಳಿಯುತ್ತಿದ್ದುದು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಯುನಿಕೋಡ್ ಮಾಡಿದ ಉಪಕಾರವೆಂದರೆ ಕನ್ನಡತನವನ್ನು ಹೊದಿಕೆಯಿಂದ ತೆಗೆದು ಅಕ್ಷರದ ಒಳಗೇ ಇಟ್ಟದ್ದು. ‘ಕ’ ಎಂಬುದು ಯಾವ ಫಾಂಟಿನಲ್ಲಿಯೂ, ಯಾವ ಫೀಡ್‌ನಲ್ಲಿಯೂ ‘ಕ’ವೇ. ಈ ಪಾಠವನ್ನು ಲಿಪಿಯ ವಿಷಯದಲ್ಲಿ ಕಲಿತಿದ್ದ ಅಧ್ಯಾಪಕರು ಸಂದೇಹದ ವಿಷಯದಲ್ಲಿ ಮರೆತಿದ್ದರು. ಕಲ್ಲಿನಲ್ಲಿದೆ, ಕಲ್ಲಿನಲ್ಲಿಲ್ಲ ಎಂಬ ಅತಿ ಮುಖ್ಯವಾದ ಭೇದವನ್ನು ಅವರು ಉಡುಪಿಗೆ ವಹಿಸಿದ್ದರು. ಅದೂ ಕನ್ನಡದ್ದಲ್ಲದ ಉಡುಪು. ರೋಮನ್ ಲಿಪಿಗೆ ಓರೆಯ ಅಚ್ಚು ಶತಮಾನಗಳ ಸಂಪ್ರದಾಯ. ಕನ್ನಡದ ದುಂಡು ಅಕ್ಷರಕ್ಕೆ ಅದಿಲ್ಲ. ಯಂತ್ರ ಅದನ್ನು ಒಂದಿಷ್ಟು ವಾಲಿಸಿ ನಿಲ್ಲಿಸುತ್ತದೆ, ಅಷ್ಟೆ. ಫೋನಿನ ಸಣ್ಣ ಪರದೆಯಲ್ಲಿ ಆ ವಾಲುವಿಕೆ ಉಳಿದಿದ್ದರೂ ಎಷ್ಟು ಮಂದಿಯ ಕಣ್ಣಿಗೆ ಬೀಳುತ್ತಿತ್ತು?

ಮುಂದಿನ ಭೇಟಿಗೆ ಮಸ್ಕಿಗೆ ಹೋದಾಗ ಅಧ್ಯಾಪಕರು ಶಿಷ್ಯೆಯನ್ನು ಅಶೋಕನ ಶಾಸನದ ಎದುರಿಗೇ ಕರೆದೊಯ್ದರು. ಇಬ್ಬರೂ ಹತ್ತಾರು ಬಾರಿ ನೋಡಿದ ಬಂಡೆ ಅದು. ಚಿನ್ನದ ಗಣಿಗಳ ಎಂಜಿನಿಯರಾಗಿದ್ದ ಸಿ. ಬೀಡನ್ 1915ರಲ್ಲಿ ಅದನ್ನು ಗುರುತಿಸಿದರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಸಂಪಾದಿಸಿದ ಪಾಠ ಹೈದರಾಬಾದಿನ ಪುರಾತತ್ತ್ವ ಮಾಲೆಯ ಮೊದಲ ಸಂಚಿಕೆಯಾಗಿ ಹೊರಬಂದಿತು. ಅಲ್ಲಿಯವರೆಗೆ ದೊರೆತ ಶಾಸನಗಳಲ್ಲಿ ಅರಸನಿಗೆ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳಷ್ಟೇ ಇದ್ದವು. ಅವನು ಅಶೋಕನೆಂಬುದನ್ನು ಸಿಂಹಳದ ಗ್ರಂಥಗಳ ಆಧಾರದಿಂದ ನಿಶ್ಚಯಿಸಿದ್ದರು. ಮಸ್ಕಿಯ ಕಲ್ಲಿನಲ್ಲಿ ಬಿರುದಿನ ಜೊತೆಗೆ ‘ಅಸೋಕ’ ಎಂಬ ಹೆಸರೂ ಇತ್ತು. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೇಗೋಳಗಳಲ್ಲಿಯೂ ಆ ಹೆಸರು ಸಿಕ್ಕಿತು.

ಅಧ್ಯಾಪಕರು ಅಂದು ಹೇಳಿದ್ದು ಬೇರೆ ಮಾತು. ಈ ಕಿರುಶಾಸನವೂ ಒಂದು ಫೀಡ್. ಒಂದು ಮೂಲದಿಂದ ಹೊರಟ ಒಂದೇ ಸಂದೇಶ ರೂಪನಾಥಕ್ಕೆ, ಸಹಸ್ರಾಮಕ್ಕೆ, ಕೊಪ್ಪಳಕ್ಕೆ, ಬ್ರಹ್ಮಗಿರಿಗೆ, ಮಸ್ಕಿಗೆ ಹೋಯಿತು. ಬಂಡೆಗಳ ಮೇಲೆಯೂ, ಕಲ್ಲಿನ ಕಂಬವಿದ್ದಲ್ಲಿ ಕಂಬದ ಮೇಲೆಯೂ ಇದನ್ನು ಬರೆಸಿರೆಂಬ ಆಜ್ಞೆಯೂ ಉತ್ತರದ ಪ್ರತಿಗಳಲ್ಲಿ ಬರಹದ ಒಳಗೇ ಇದೆ. ಪ್ರತಿಯೊಂದು ಊರಿನ ಲಿಪಿಕಾರನೂ ಬಂದ ಓಲೆಯಲ್ಲಿ ಯಾವುದು ಸಂದೇಶ, ಯಾವುದು ಲಕೋಟೆ ಎಂದು ತಾನೇ ನಿರ್ಧರಿಸಬೇಕಾಗಿತ್ತು. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ 1892ರಲ್ಲಿ ಕಂಡುಹಿಡಿದ ಪ್ರತಿಯನ್ನು ನೋಡಿದರೆ ಲಕೋಟೆಯೂ ಬಂಡೆಗೇರಿದೆ. ಸುವರ್ಣಗಿರಿಯಿಂದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರ ಆರೋಗ್ಯವನ್ನು ವಿಚಾರಿಸುವ ಕಚೇರಿಯ ಒಕ್ಕಣೆ, ಧರ್ಮಸಂದೇಶಕ್ಕೆ ಮುನ್ನ, ಅಷ್ಟೇ ಆಳದ ಉಳಿಪೆಟ್ಟಿನಲ್ಲಿದೆ. ಇಂದಿನ ಫೀಡ್‌ನಲ್ಲಿ ಎರಡು ಬಾರಿ ಸಂಕೇತೀಕರಿಸಿದ ಬರಹ ಬಂದಾಗ ಓದುಗನ ಕಣ್ಣಿಗೆ ಆಜ್ಞೆಗಳೇ ಪಠ್ಯವಾಗಿ ಕಾಣಿಸುವಂತೆಯೇ ಇದು. ಇತಿಹಾಸಕಾರರಿಗೆ ಮಾತ್ರ ಅದು ಭಾಗ್ಯ. ಆ ಲಕೋಟೆಯಿಂದಲೇ ಸುವರ್ಣಗಿರಿಯ ಆಡಳಿತ ತಿಳಿಯಿತು. ಆ ಊರು ಕನಕಗಿರಿಯೋ, ಜೊನ್ನಗಿರಿಯೋ, ಮಸ್ಕಿಯ ಪರಿಸರವೋ ಎಂಬ ಚರ್ಚೆ ಹುಟ್ಟಿದ್ದೂ ಅಲ್ಲಿಂದಲೇ. ಮಸ್ಕಿಯವನು ಲಕೋಟೆಯನ್ನು ಬಿಟ್ಟ, ಹೆಸರನ್ನು ಉಳಿಸಿದ.

“ಮತ್ತ ಚಪಡ ಇದ್ದಾನಲ್ರೀ ಸರ್,” ಎಂದಳು ಶಿಷ್ಯೆ.

ಬ್ರಹ್ಮಗಿರಿಯ ಲಿಪಿಕಾರ ಚಪಡನನ್ನು ಅವಳು ಸಕಾಲದಲ್ಲಿ ನೆನೆದಳು. ಬ್ರಾಹ್ಮಿಯಲ್ಲಿ ತನ್ನ ಹೆಸರನ್ನು ಬರೆದ ಅವನು ‘ಲಿಪಿಕಾರನಿಂದ’ ಎಂಬರ್ಥದ ಕೊನೆಯ ಮಾತನ್ನು ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. ಆ ಲಿಪಿ ವಾಯವ್ಯ ಸೀಮೆಯದು. ಅವನಿಗೂ ಆ ಸೀಮೆಗೂ ಇದ್ದ ನಂಟು ಕನ್ನಡ ನೆಲದಲ್ಲಿ ಉಳಿದಿರುವುದು ಆ ಒಂದು ಮಾತಿನ ಲಿಪಿಭೇದದಲ್ಲಿ ಮಾತ್ರ. ಆ ಸಾಲನ್ನು ಇಂದು ಕನ್ನಡ ಲಿಪಿಯಲ್ಲಿ ಬರೆದರೆ ಎರಡೂ ಒಂದೇ ಆಗುತ್ತವೆ; ಸಂಪಾದಕ ಬಾಯಿಬಿಟ್ಟು ಹೇಳದಿದ್ದರೆ ಚಪಡನ ಊರಿನ ಸುಳಿವು ಅಳಿದುಹೋಗುತ್ತದೆ.

“ಹಂಗಾರ ಪದ್ಯದ ಸಾಲು ಮುರಿಯೋದೂ ಹಿಂಗ ಹೋಗ್ತೈತೇನ್ರೀ?” ಎಂದು ಅವಳು ಕೇಳಿದಳು.

ಫೀಡ್‌ನಲ್ಲಿ ಅದೂ ಹೋಗುತ್ತದೆ. ಕಂದಪದ್ಯದ ನಾಲ್ಕು ಪಾದಗಳು ಗದ್ಯದಂತೆ ಒಂದೇ ಉಸಿರಿಗೆ ಹರಿದುಹೋಗುವುದನ್ನು ಅಧ್ಯಾಪಕರು ನೋಡಿದ್ದರು. ಆದರೆ ಆ ನಷ್ಟ ತುಂಬಿಬರುವಂಥದು. ಹಳೆಯ ಓಲೆಗರಿಗಳಲ್ಲಿಯೂ ಪದ್ಯವನ್ನು ಪಾದಪಾದವಾಗಿ ಬಿಡಿಸಿ ಬರೆಯುತ್ತಿರಲಿಲ್ಲ. ಗರಿಯ ಸ್ಥಳ ಅಮೂಲ್ಯವಾದುದರಿಂದ ಅಕ್ಷರಗಳು ಒಂದರ ಬೆನ್ನಿಗೊಂದು ಸಾಗುತ್ತಿದ್ದವು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂದು ಪ್ರಸಿದ್ಧಳಾದ ಅತ್ತಿಮಬ್ಬೆಯ ಶಾಸ್ತ್ರದಾನ ನಡೆದದ್ದು ಅಂಥ ಗರಿಗಳಲ್ಲಿಯೇ. ಪಾದ ಎಲ್ಲಿ ಮುಗಿಯಿತೆಂಬುದನ್ನು ಓದುಗ ಮಾತ್ರೆಗಳನ್ನು ಎಣಿಸಿ, ಪ್ರತಿಪಾದದ ಎರಡನೆಯ ಅಕ್ಷರದಲ್ಲಿ ಮರಳಿ ಬರುವ ಪ್ರಾಸವನ್ನು ಹಿಡಿದು ತಿಳಿಯುತ್ತಿದ್ದ. ಪದ್ಯದ ಕಟ್ಟು ಪದ್ಯದೊಳಗೇ ಇದೆ. ಎಷ್ಟು ಪ್ರತಿಗಳಾದರೂ, ಯಾರು ಹೇಗೆ ಬರೆದರೂ ಅದು ಮತ್ತೆ ಎದ್ದು ನಿಲ್ಲುತ್ತದೆ. ಸಂಪಾದಕನ ಸಂದೇಹ ಹಾಗಲ್ಲ. ‘ಹದಿನೈದು’ ಎಂಬ ಪದವನ್ನು ಎಷ್ಟು ಎಣಿಸಿದರೂ, ಅದರಲ್ಲಿ ಕಲ್ಲಿನದೆಷ್ಟು, ಊಹೆಯದೆಷ್ಟು ಎಂಬುದು ಹೊರಬೀಳದು.

ಅಂದ ಮೇಲೆ ಸಂದೇಹವನ್ನೂ ಅಕ್ಷರಗಳ ಸಾಲಿಗೇ ಸೇರಿಸಬೇಕು. ಅದಕ್ಕೆ ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಾಗಿರಲಿಲ್ಲ. ಎಪಿಗ್ರಾಫಿಯಾ ಇಂಡಿಕಾದ ಸಂಪಾದಕರು ಸವೆದ, ಸಂದೇಹಾಸ್ಪದವಾದ ಅಕ್ಷರಗಳನ್ನು ಚೌಕಾವರಣದೊಳಗೆ ಇಡುತ್ತ ಬಂದವರು. ಗ್ರೀಕ್ ಮತ್ತು ಲ್ಯಾಟಿನ್ ಶಾಸನಗಳ ವಿದ್ವಾಂಸರೂ 1931ರಲ್ಲಿ ಲೈಡನ್‌ನಲ್ಲಿ ಒಪ್ಪಿಕೊಂಡ ಪದ್ಧತಿಯಲ್ಲಿ ಅಳಿದುಹೋದ ಭಾಗದ ಊಹೆಗೆ ಚೌಕಾವರಣವನ್ನೇ ಗೊತ್ತುಮಾಡಿದರು. ಚೌಕಾವರಣ ಅಲಂಕಾರವಲ್ಲ, ‘ಕ’ದಂತೆ, ಪೂರ್ಣವಿರಾಮದಂತೆ ಅದೂ ಒಂದು ಅಕ್ಷರಚಿಹ್ನೆ. ಫೀಡ್ ಅದನ್ನು ಆಜ್ಞೆಯೆಂದು ಭ್ರಮಿಸುವುದಿಲ್ಲ, ಜಾಲಿಸುವ ತಂತ್ರಾಂಶ ಅದನ್ನು ತೊಳೆಯುವುದಿಲ್ಲ, ಕೈಯಿಂದ ನಕಲು ಮಾಡುವವನೂ ಅದನ್ನು ಕಾಣದಿರಲಾರ. ಅಧ್ಯಾಪಕರು ಇದನ್ನು ಬಲ್ಲವರೇ. ಪುಟ ಸುಂದರವಾಗಿ ಕಾಣಲೆಂದು, ಸಾಮಾನ್ಯ ಓದುಗರಿಗೆ ಆವರಣಗಳ ಮುಳ್ಳು ಚುಚ್ಚದಿರಲೆಂದು ಅದನ್ನು ಕೈಬಿಟ್ಟು ಓರೆಯನ್ನು ಹಿಡಿದಿದ್ದರು.

ಮೂರು ತಿಂಗಳು ಕುಳಿತು ಅವರು ತಾವು ಪ್ರಕಟಿಸಿದ್ದ ಎಲ್ಲ ಪಾಠಗಳನ್ನೂ ತಿದ್ದಿದರು. ಓರೆ ಇದ್ದಲ್ಲೆಲ್ಲ ಚೌಕಾವರಣ ಬಂತು: ಹ[ದಿನೈ]ದು. ಬದಿಯ ಅಂಕಣದ ಸೂಚನೆ ಪ್ರತಿ ಪಾಠದ ಮೊದಲ ವಾಕ್ಯವಾಯಿತು. ಆದರೂ ಹೋದದ್ದು ಹೋಗಿತ್ತು. ಆ್ಯಟಮ್‌ನಲ್ಲಿ ಪ್ರತಿಯೊಂದು ಬರಹಕ್ಕೂ ಸ್ಥಿರವಾದ ಗುರುತುಸಂಖ್ಯೆಯೂ ಪರಿಷ್ಕರಣದ ದಿನಾಂಕವೂ ಇರಲೇಬೇಕು, ಆರ್‌ಎಸ್‌ಎಸ್ 2.0ರಲ್ಲಿ ಬರಹಕ್ಕೆ ಪ್ರಕಟಣೆಯ ದಿನಾಂಕವುಂಟು, ಪರಿಷ್ಕರಣದ್ದಿಲ್ಲ. ತಿದ್ದಿದ್ದನ್ನು ಮತ್ತೆ ತರಿಸಿ ತೋರಿಸುವುದು ಬಿಡುವುದು ಓದುಗ ತಂತ್ರಾಂಶದ ಇಚ್ಛೆ. ಯಾರ ಯಾರ ಫೋನಿನಲ್ಲಿ ಆ ಹಳೆಯ ಹದಿನೈದು ಉಳಿದಿದೆಯೋ, ಅಲ್ಲಿಂದ ಯಾವ ಯಾವ ಹಾಳೆಗೆ ಇಳಿದಿದೆಯೋ ಹೇಳಲಾಗದು.

ಒಂದು ಹಾಳೆಯ ವಿಷಯ ಮಾತ್ರ ಅವರಿಗೆ ಗೊತ್ತಿತ್ತು. ಅಧ್ಯಾಯವನ್ನು ಶಿಷ್ಯೆ ಅಷ್ಟರಲ್ಲಿ ಮಾರ್ಗದರ್ಶಕರಿಗೆ ಒಪ್ಪಿಸಿಯಾಗಿತ್ತು. ಅವಳು ಅದನ್ನು ಹಿಂದಕ್ಕೆ ಕೇಳಿ ಪಡೆದಳು. ಪಟ್ಟಿಯ ಆ ಸಾಲಿನಲ್ಲಿ ಹನ್ನೊಂದು ಅಥವಾ ಹದಿನೈದು ಎಂದು ಬರೆದಳು. ಕೆಳಗಿನ ಒಟ್ಟು ಮೊತ್ತವನ್ನು ಒಂದೇ ಸಂಖ್ಯೆಯಾಗಿ ಕೊಡಲು ಬಾರದಾಯಿತು. ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದಾಯಿತು. ಅದರ ಮೇಲೆ ಕಟ್ಟಿದ ಒಂದು ವಾಕ್ಯ, ಅವಳಿಗೆ ಬಹಳ ಪ್ರಿಯವಾಗಿದ್ದ ವಾಕ್ಯ, ಬಿಟ್ಟುಹೋಯಿತು. ಅಡಿಟಿಪ್ಪಣಿಯಲ್ಲಿ ಗುರುಗಳ ಹೆಸರು ಹೇಳಿ ಪಾಠ ಸಂದಿಗ್ಧವೆಂದು ಬರೆಯಬೇಕೇ ಎಂದು ಅವಳು ಹಿಂಜರಿದು ಕೇಳಿದಾಗ, ಬರೆಯಲೇಬೇಕೆಂದರು.

ಸಂಪ್ರಬಂಧ ಒಪ್ಪಿಸುವ ಮುನ್ನ ಇಬ್ಬರೂ ಆ ಹೊಲದ ಬದುವಿಗೆ ಹೋದರು. ಇಳಿಬಿಸಿಲು ಕಲ್ಲಿನ ಮೇಲೆ ಓರೆಯಾಗಿ ಬಿದ್ದು ಅಕ್ಷರಗಳ ತಗ್ಗುಗಳಲ್ಲಿ ನೆರಳು ತುಂಬಿತ್ತು. ಅವಳು ಪುಸ್ತಕ ಬಿಚ್ಚಿ ಕುಳಿತಳು. ಅಧ್ಯಾಪಕರು ಬೆರಳಿಟ್ಟು ಗಟ್ಟಿಯಾಗಿ ಓದಿದರು.

“ಹ ಅಂತ ಬರಕೋ. ಮುಂದ ಒಡದೈತಿ, ಎರಡು ಅಕ್ಷರದಷ್ಟು. ಆಮ್ಯಾಲ ದು.”

ಅವಳು ಹಾಗೆಯೇ ಬರೆದುಕೊಂಡಳು.